ಆರು ಅಂಕಿಯ ಬೀಗ

ಕ್ಷೌರಕ್ಕೆ ದುಡ್ಡು ಕೊಡಬೇಕಾದರೂ ಅಳಿಯನಿಗೆ ಇಬ್ಬರು ಹಿರಿಯರು ಬೇಕಾಗಿತ್ತು.

ಮೂವತ್ತೊಂದು ವರ್ಷದ ಗಂಡಸು. ಎಂಥ ಹಟಮಾರಿ ಬೀಗವನ್ನಾದರೂ ಹತ್ತು ನಿಮಿಷದಲ್ಲಿ ಬಾಯಿ ಬಿಡಿಸುವವನು. ಅಂಥವನು ಆ ಮಂಗಳವಾರ ಮಧ್ಯಾಹ್ನ ಕುತ್ತಿಗೆಗೆ ಕ್ಷೌರದಂಗಡಿಯ ಬಿಳಿ ಬಟ್ಟೆ ಕಟ್ಟಿಕೊಂಡು, ಫೋನನ್ನು ತುಂಬಿದ ಲೋಟದಂತೆ ಅಂಗೈ ಮೇಲೆ ಹಿಡಿದುಕೊಂಡು ರಸ್ತೆಯಲ್ಲಿ ಓಡುತ್ತಿದ್ದ. ಬಟ್ಟೆ ಬಿಚ್ಚಲು ಕ್ಷೌರದವನು ಒಪ್ಪಿರಲಿಲ್ಲ.

"ದುಡ್ಡು ಬರಲಿ, ಆಮೇಲೆ ಬಿಚ್ತೀನಿ. ಹೋದ ಸಲ ಅರ್ಧ ಗಂಟೆ ಕಾಯಿಸಿದ್ದೆ ನೀನು."

ಓಟಕ್ಕೆ ಕಾರಣವಿತ್ತು. ಸ್ಕ್ಯಾನ್ ಮಾಡಿ ಮೊತ್ತ ಹಾಕಿದ ಮೇಲೆ ಆರು ಅಂಕಿಯ ಪಿನ್ ಕೇಳುವ ಪುಟ ಬರುತ್ತದೆ. ಅದು ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಪಿನ್ನಿನ ಮೊದಲ ಮೂರು ಅಂಕಿ ಗೊತ್ತಿದ್ದದ್ದು ಸೋದರಮಾವನಿಗೆ. ಉಳಿದ ಮೂರು ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ. ಮಾವನದು ಬೀಗ ರಿಪೇರಿ ಅಂಗಡಿ, ಅವನು ಕೆಲಸ ಮಾಡುವುದೂ ಅಲ್ಲೇ. ಅತ್ತೆಯದು ರಸ್ತೆಯ ಆಚೆ ಬದಿಯ ಬ್ರೆಡ್ಡಿನ ಅಂಗಡಿ. ಇಬ್ಬರೂ ಅವನನ್ನು ಅಳಿಯ ಎಂದೇ ಕರೆಯುತ್ತಿದ್ದುದರಿಂದ ಇಡೀ ಬೀದಿಗೇ ಅವನು ಅಳಿಯನಾಗಿಬಿಟ್ಟಿದ್ದ. ಆ ಇಬ್ಬರು ಒಪ್ಪುತ್ತಿದ್ದ ವಿಷಯ ಅದೊಂದೇ. ಏಳು ವರ್ಷದಿಂದ ಅವರ ನಡುವೆ ಮಾತಿರಲಿಲ್ಲ.

ಜಗಳದ ಮೂಲ ಒಂದು ಕಪಾಟು. ಅಳಿಯನ ಮದುವೆಗೆ ಮುಂಚೆ ಮಾವ ಉಡುಗೊರೆಯೆಂದು ಅತ್ತೆಯ ಕಪಾಟಿಗೆ ಹೊಸ ಬೀಗ ಕೂರಿಸಿಕೊಟ್ಟಿದ್ದ. ಮದುವೆಯ ದಿನ ಬೆಳಿಗ್ಗೆ ಅದು ಕಚ್ಚಿಕೊಂಡಿತು. ಅತ್ತೆಯ ಹೊಸ ಬಟ್ಟೆ ಒಳಗೆ, ಅತ್ತೆ ಹೊರಗೆ. ಮಾವ ಒಂದು ಗಂಟೆ ಬೆವರು ಸುರಿಸಿ ಕೊನೆಗೆ ಬಾಗಿಲನ್ನೇ ಕಿತ್ತ. ಅಷ್ಟರಲ್ಲಿ ಫೋಟೋದವನು ಕೆಲಸ ಮುಗಿಸಿದ್ದ. ಎಲ್ಲ ಫೋಟೋಗಳಲ್ಲೂ ಅತ್ತೆ ಹಿಟ್ಟು ಮೆತ್ತಿದ ಏಪ್ರನ್ ಹಾಕಿಕೊಂಡು ವಧುವಿನ ಪಕ್ಕ ನಿಂತಿದ್ದಾಳೆ. ಆ ಕಪಾಟನ್ನು ಬಾಗಿಲಿಲ್ಲದೆಯೇ ಅಂಗಡಿಗೆ ತಂದು ಬ್ರೆಡ್ ಜೋಡಿಸಿಟ್ಟಳು. ಗಿರಾಕಿ ಯಾರಾದರೂ ಕೇಳಿದರೆ ಸಾಕು, "ದೊಡ್ಡ ಬೀಗ ಪಂಡಿತರು ಕೊಟ್ಟ ಉಡುಗೊರೆ," ಎಂದು ರಸ್ತೆಯ ಆಚೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು.

ಇಂಥ ಇಬ್ಬರ ಕೈಗೆ ಪಿನ್ ಹಂಚಿದ್ದು ಅಳಿಯನ ಹೆಂಡತಿ. ಅವಳು ಬಸ್ಸಿನಲ್ಲಿ ಟಿಕೆಟ್ ಕೊಡುವವಳು. ಡ್ರೈವರ್ ಸೀಟಿಗೆ ಹೋಗಬೇಕೆಂಬ ಹಟದಿಂದ ದೊಡ್ಡ ಗಾಡಿಯ ತರಬೇತಿಗೆ ಫೀಸು ಕೂಡಿಸಿಟ್ಟಿದ್ದಳು, ಇಪ್ಪತ್ತೆರಡು ಸಾವಿರ. ಅದನ್ನು ಅಳಿಯ ಫೋನಿನಲ್ಲಿ ಚಕ್ರ ತಿರುಗಿಸುವ ಆಟಕ್ಕೆ ಸುರಿದ. ಮೊದಲ ದಿನ ನಾನೂರು ಗೆದ್ದಿದ್ದ. ಆ ನಾನೂರನ್ನು ಹಿಡಿಯಲು ಹೋಗಿ ನಾಲ್ಕು ಕಡೆ ಸಾಲವಾಯಿತು. ಸಾಲ ಕೇಳಲು ಯಾರ ಮನೆಯ ಮೆಟ್ಟಿಲನ್ನೂ ಹತ್ತಬೇಕಾಗಿರಲಿಲ್ಲ, ಯಾರ ಮುಂದೆಯೂ ಹಲ್ಲು ಗಿಂಜಬೇಕಾಗಿರಲಿಲ್ಲ. ಹೆಬ್ಬೆರಳು ಒತ್ತಿದರೆ ಸಾಲ, ಮತ್ತೆ ಒತ್ತಿದರೆ ಆಟ. ಬಸ್ ಸ್ಟಾಪಿನಲ್ಲಿ ನಿಂತು ಆಡಿದ, ಬೀಗದ ತಿರುಪು ಬಿಚ್ಚುವ ನಡುವೆ ಆಡಿದ.

ಗೊತ್ತಾದ ದಿನ ಹೆಂಡತಿ ಅಳಲಿಲ್ಲ. ಟಿಕೆಟ್ ಚೀಲದಿಂದ ಪೆನ್ನು ತೆಗೆದು ಎಲ್ಲ ಸಾಲ ಬರೆಸಿಕೊಂಡಳು. ಅತಿ ಹೆಚ್ಚು ಬಡ್ಡಿಯದ್ದು ಮೊದಲು ಎಂದು ಗೆರೆ ಎಳೆದಳು. ಜೂಜು ಬಿಡಿಸುವ ಉಚಿತ ಸಹಾಯವಾಣಿಗೆ ಗಂಡನ ಕೈಯಿಂದಲೇ ಫೋನ್ ಮಾಡಿಸಿದಳು. ಬ್ಯಾಂಕ್ ಕಾರ್ಡ್ ಇಲ್ಲದೆ ಪಿನ್ ಬದಲಾಯಿಸಲು ಬರುವುದಿಲ್ಲವಲ್ಲ, ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ನಗದು ಕೊಟ್ಟರೆ ಅದನ್ನು ಯಾರದೋ ಕೈಗಿಟ್ಟು ಫೋನಿಗೆ ಹಾಕಿಸಿಕೊಳ್ಳುತ್ತಾನೆ ಎಂದು ನಗದನ್ನೂ ಕೊಡಲಿಲ್ಲ.

"ಬೀಗ ಹಾಕಿದ್ರೆ ನೀನು ತೆಗೀತೀಯ," ಎಂದಿದ್ದಳು. "ಅದಕ್ಕೇ ಮನುಷ್ಯರನ್ನ ಹಾಕ್ತೀನಿ. ಅದೂ ಮಾತಾಡದ ಇಬ್ಬರನ್ನ. ನನ್ನ ಫೀಸು ನಿನ್ನ ಖಾತೆಯಿಂದಲೇ ವಾಪಸ್ ಬರಬೇಕು. ಒಂದೇ ಒಂದು ಸಲ ಮತ್ತೆ ಆಡು, ಆಮೇಲೆ ಆ ಚಕ್ರದ ಜೊತೆನೇ ಸಂಸಾರ ಮಾಡ್ಕೋ."

ಹತ್ತು ತಿಂಗಳಾಗಿತ್ತು. ನಾಲ್ಕು ಸಾಲದಲ್ಲಿ ಮೂರು ತೀರಿದ್ದವು. ವಾರದ ಸಂಬಳ ಬಿದ್ದು ಅವಳ ಇಪ್ಪತ್ತೆರಡು ಸಾವಿರ ಪೂರ್ತಿಯಾದದ್ದು ಅದೇ ಮಂಗಳವಾರ ಬೆಳಿಗ್ಗೆ. ಶುಕ್ರವಾರ ಫೀಸು ಕಟ್ಟುವ ಕೊನೆಯ ದಿನ.

"ಗೋಡೆ ನೋಡು," ಎಂದ ಮಾವ, ಓಡಿಬಂದವನ ಫೋನ್ ಕೈಗೆ ಸಿಕ್ಕೊಡನೆ. ಅಳಿಯ ನೇತುಹಾಕಿದ ಕೀಲಿಗಳ ಕಡೆ ತಿರುಗಿ ನಿಂತ. ಮಾವ ಹಳೆಯ ಬೀಗವೊಂದಕ್ಕೆ ಪೆನ್ಸಿಲ್ ಮಸಿಯಂಥ ಗ್ರಾಫೈಟ್ ಪುಡಿ ತುಂಬುತ್ತಿದ್ದ. ಎಣ್ಣೆ ಹಾಕಿದರೆ ಬೀಗ ಧೂಳು ಹಿಡಿಯುತ್ತದೆ, ಈ ಪುಡಿ ಹಾಕಿದರೆ ಬೆಣ್ಣೆಯಂತೆ ತಿರುಗುತ್ತದೆ. ಅದೇ ಬೆರಳಿನಿಂದ ಮೂರು ಸಲ ಕುಟ್ಟಿದ. "ಓಡು. ರಸ್ತೆಯಾಚೆಯವರ ಮುಖ ನೋಡೋ ಭಾಗ್ಯ ನಿನಗೇ ಇರಲಿ."

ಅತ್ತೆ ಮೊಳಕೈವರೆಗೆ ಹಿಟ್ಟಿನಲ್ಲಿದ್ದಳು. "ತಿರುಗು ಆ ಕಡೆ. ಏನಿದು, ಹೆಗಲ ಮೇಲೆ ಬೆಡ್‌ಶೀಟು?"

"ಕ್ಷೌರದವನು ಬಿಚ್ಚಲಿಲ್ಲ ಅತ್ತೆ."

"ಅವನಿಗಿರೋ ಬುದ್ಧಿ ನನಗೆ ಮಗಳನ್ನ ಕೊಡುವಾಗ ಇರಬೇಕಿತ್ತು." ಮೂರು ಸಲ ಒತ್ತಿ ಫೋನ್ ಹಿಂದಕ್ಕೆ ಕೊಟ್ಟಳು. ಬೀದಿಯ ತುದಿಯಿಂದ ಕ್ಷೌರದವನು, "ಬಂತು!" ಎಂದು ಕೂಗಿದ.

ಅಷ್ಟರಲ್ಲಿ ಫೋನಿನ ಪರದೆ ಆರಿತು. ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು.

ಕಪ್ಪು ಗಾಜಿನ ಮೇಲೆ ಆರು ಬೆರಳಚ್ಚು. ಮೂರು ಬೆಳ್ಳಿಯಂತೆ ಹೊಳೆಯುವ ಗ್ರಾಫೈಟಿನವು, ಮೂರು ಬಿಳಿ ಹಿಟ್ಟಿನವು. ಮೊದಲು ಒತ್ತಿದ್ದು ದಟ್ಟ, ಆಮೇಲಿನದು ತೆಳು, ಕೊನೆಯದು ಇನ್ನೂ ತೆಳು. ಹನ್ನೆರಡು ವರ್ಷದಿಂದ ಕೀಲಿಯ ಯಾವ ಹಲ್ಲು ಎಷ್ಟು ಸವೆದಿದೆ ಎಂದು ನೋಡಿ ಅನ್ನ ಸಂಪಾದಿಸುವವನಿಗೆ ಇದನ್ನು ಓದಲು ಉಸಿರೆಳೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ಎಂಟು, ಮೂರು, ಒಂದು. ಐದು, ಒಂಬತ್ತು, ಎರಡು.

ಅಳಿಯನಿಗೆ ಹೆದರಿಕೆಯಾಯಿತು. ಹಿಂದೆಯೇ, ನಾಚಿಕೆಗೆಟ್ಟ ಖುಷಿಯೂ ಆಯಿತು.

ಕುತ್ತಿಗೆಯ ಬಟ್ಟೆಯನ್ನೂ ಮರೆತು ಅವನು ಮಾವನ ಅಂಗಡಿಯ ಹಿಂದಿನ ಸಾಮಾನಿನ ಕೋಣೆಗೆ ಹೋಗಿ ತಗಡಿನ ಡಬ್ಬದ ಮೇಲೆ ಕೂತ. ಕೈ ಮಾತು ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೈ ಕೇಳುತ್ತಿತ್ತು, ಅವನೇ ಬೇಡವೆನ್ನಲಿಲ್ಲ. ಇಪ್ಪತ್ತೆರಡು ನಲವತ್ತನಾಲ್ಕಾದರೆ ಫೀಸೂ ಆಯಿತು, ಉಳಿದ ಸಾಲವೂ ತೀರಿತು, ಶುಕ್ರವಾರಕ್ಕೆ ಇನ್ನೂ ಮೂರು ದಿನವಿದೆ. ಹಿಂದೆ ಮುಳುಗಿದಾಗಲೂ ಇದೇ ಲೆಕ್ಕ ಹಾಕಿದ್ದ. ಅದು ನೆನಪಿಗೆ ಬಂದರೂ ಅಳಿಸಿಹಾಕಿದ್ದ ಆ್ಯಪನ್ನು ಹುಡುಕಿ ಇಳಿಸಿಕೊಳ್ಳತೊಡಗಿದ. ನಲವತ್ತು ಪರ್ಸೆಂಟ್. ಅರವತ್ತೊಂದು. ಎಂಬತ್ತೇಳು.

"ಅಳಿಯಾ!" ಮಾವನ ಗಂಟಲು. "ಪಿಟೀಲು ಟೀಚರ್ ಮನೆ ಹೊರಗೇ ನಿಂತವ್ರಂತೆ. ಕೀಲಿ ಕಳ್ಕೊಂಡಿದಾರೆ. ಪೆಟ್ಟಿಗೆ ತಗೊಂಡು ಹೋಗು!"

ಫೋನ್ ಜೇಬಿಗೆ ಹೋಯಿತು.

ಪಿಟೀಲು ಟೀಚರ್ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ವಾದ್ಯದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಗಲ ಮೇಲಿನ ಬಿಳಿ ಬಟ್ಟೆ ನೋಡಿ, "ಬೀಗದವನನ್ನ ಕರೆದೆನೋ ಡಾಕ್ಟರನ್ನೋ?" ಎಂದರು. ಅಳಿಯ ಏಳು ನಿಮಿಷದಲ್ಲಿ ಬಾಗಿಲು ತೆಗೆದ. ಅಲ್ಲೇ ಕೂತು ಅರದಿಂದ ಉಜ್ಜಿ ಎರಡು ಕೀಲಿ ಮಾಡಿದ. ಗಮನ ಜೇಬಿನಲ್ಲಿದ್ದುದರಿಂದ ನಡುವೆ ಇನ್ನೊಂದು ಹಾಳಾಗಿತ್ತು. ಮೂರನ್ನೂ ಅವರ ಕೈಗಿಟ್ಟ.

"ಇದು ಕೆಟ್ಟೋಗಿದೆಯಲ್ಲಪ್ಪ, ನೀನೇ ಇಟ್ಕೋ."

"ಇಲ್ಲ ಟೀಚರ್, ಕೆಟ್ಟಿದ್ದೂ ನಿಮ್ಮದೇ."

"ಬಾಗಿಲು ತೆಗೆಯದ ಕೀಲಿ ಇಟ್ಕೊಂಡು ನಾನೇನು ಕಿವಿ ಕೆರ್ಕೊಳ್ಲಾ?"

"ಇನ್ನೊಂಚೂರು ಉಜ್ಜಿದ್ರೆ ತೆಗೆಯುತ್ತೆ. ಅದಕ್ಕೇ ನನ್ನ ಹತ್ರ ಇರಬಾರದು. ಮತ್ತೆ, ನಿಮ್ಮ ಈ ಕಿಟಕಿ ಸಂದಿಯಿಂದ ಕೈ ಹಾಕಿದ್ರೆ ಒಳಗಿನ ಚಿಲಕ ಸಿಗುತ್ತೆ. ಇವತ್ತೇ ಸರಿ ಮಾಡಿಸ್ಕೊಳ್ಳಿ. ನನಗೆ ಗೊತ್ತಾದ್ಮೇಲೆ ನಿಮಗೆ ಹೇಳಲೇಬೇಕು, ಅದೂ ಅದೇ ದಿನ. ನಮ್ಮ ಅಂಗಡಿ ರೂಲು."

"ನೀನು ಹೇಳದೇ ಹೋಗಿದ್ರೆ ನನಗೆಲ್ಲಿ ಗೊತ್ತಾಗ್ತಿತ್ತು?"

"ಗೊತ್ತಾಗ್ತಿರಲಿಲ್ಲ," ಎಂದ ಅಳಿಯ. ಎಂದವನೇ ಅರವನ್ನು ಪೆಟ್ಟಿಗೆಯ ಬದಲು ಫೋನಿದ್ದ ಜೇಬಿಗೆ ತುರುಕಿಕೊಂಡ. ಟೀಚರ್ ನೀರು ಬೇಕೇ ಎಂದು ಕೇಳಿದರು.

ಕೆಲಸಕ್ಕೆ ಸೇರಿದ ದಿನ ಮಾವ ಹೇಳಿಕೊಟ್ಟ ರೂಲು ಅದು. ತೆಗೆದ ಬೀಗದ ಒಂದು ಕೀಲಿಯೂ ನಿನ್ನ ಜೇಬಿನಲ್ಲಿ ಉಳಿಯಕೂಡದು. ತೆಗೆಯುವ ದಾರಿ ಗೊತ್ತಾದರೆ ಸಂಜೆಯೊಳಗೆ ಯಜಮಾನನಿಗೆ ಹೇಳಬೇಕು. ಹನ್ನೆರಡು ವರ್ಷದಲ್ಲಿ ಅಳಿಯ ಬೇರೆ ಎಲ್ಲ ರೂಲುಗಳನ್ನೂ ಗಾಳಿಗೆ ತೂರಿದ್ದ. ಇದೊಂದನ್ನು ಒಮ್ಮೆಯೂ ಮುರಿದಿರಲಿಲ್ಲ. ಮೆಟ್ಟಿಲಿಳಿಯುತ್ತ ಫೋನ್ ತೆಗೆದು ನೋಡಿದ. ಆ್ಯಪ್ ಇಳಿದು ಮುಗಿದು, ಚಕ್ರ ಬಣ್ಣಬಣ್ಣವಾಗಿ ಮಿಂಚುತ್ತಿತ್ತು. ಹೆಬ್ಬೆರಳು ಅದರ ಮೇಲೆ ಎರಡು ಮೆಟ್ಟಿಲಷ್ಟು ಹೊತ್ತು ತೂಗಾಡಿತು. ಫೋನನ್ನು ಬೋರಲು ಹಿಡಿದುಕೊಂಡು ಅಂಗಡಿಗೆ ಓಡಿದ. ನಡೆದರೆ ಮನಸ್ಸು ಬದಲಾದೀತೆಂಬ ಹೆದರಿಕೆ.

"ಮಾಮ, ಒಂದು ಬೀಗ ತೆಗೆಯೋ ದಾರಿ ಗೊತ್ತಾಗಿದೆ. ನಿಮ್ಮದು."

"ನಂದ್ಯಾವುದೋ?"

"ಫೋನಿಂದು. ಆರೂ ಅಂಕಿ."

ಮಾವ ಕನ್ನಡಕ ತೆಗೆದ. "ಆಡಿದ್ಯಾ?"

"ಇಲ್ಲ. ಆ್ಯಪ್ ಮಾತ್ರ ಇಳಿಸ್ಕೊಂಡೆ."

"ಹೇಗೆ ಗೊತ್ತಾಯ್ತು?"

ಅಳಿಯ ಹೇಳಿದ. ಮಾವ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ತೆಳು ಇರೋದು ಕೊನೇದು ಅಂತ ಹೊಳೀತಲ್ಲೋ ನಿಂಗೆ! ನಾನೇ ಕಲಿಸಿದ್ದು..." ಎಂದು ಅರಳಲು ಹೊರಟ ಮುಖವನ್ನು ಕಷ್ಟಪಟ್ಟು ಗಂಟಿಕ್ಕಿಕೊಂಡ. "ಥೂ, ಮುಂಡೇದೇ. ನಡಿ."

"ಎಲ್ಲಿಗೆ?"

"ಆ ಬೀಗಕ್ಕೆ ಇನ್ನೊಬ್ಬರೂ ಯಜಮಾನರಿದ್ದಾರಲ್ಲ."

ಹೀಗೆ, ಏಳು ವರ್ಷದ ನಂತರ ಮಾವ ರಸ್ತೆ ದಾಟಿದ. ಬ್ರೆಡ್ ಕೊಳ್ಳಲು ನಿಂತಿದ್ದ ಮೂವರು ಗಿರಾಕಿಗಳು ದಾರಿ ಬಿಟ್ಟರು, ಹೊರಗೆ ಮಾತ್ರ ಹೋಗಲಿಲ್ಲ. ಅಳಿಯ ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಅತ್ತೆ ಅವನನ್ನು ಬೈಯುವುದನ್ನೇ ಮರೆತು ಮಾವನ ಕಡೆ ತಿರುಗಿದಳು.

"ಎಲ್ಲ ನಿಮ್ಮ ಮಸಿ ಕೈಯಿಂದ ಆಗಿದ್ದು!"

"ನಿಮ್ಮ ಹಿಟ್ಟನ್ನೇನು ಡಬ್ಬದಲ್ಲಿ ಮುಚ್ಚಿಟ್ಟಿದ್ರಾ?"

"ಹಿಟ್ಟು ತಿನ್ನೋ ವಸ್ತು!"

"ಫೋನಿಗ್ಯಾಕೆ ತಿನ್ನಿಸಿದ್ರಿ ಮತ್ತೆ?"

ಗಿರಾಕಿಯೊಬ್ಬಳು ಕಿಸಕ್ಕೆಂದಳು. ಅದೇ ಹೊತ್ತಿಗೆ ಮೊದಲ ಪಾಳಿ ಮುಗಿಸಿದ ಹೆಂಡತಿ ಟಿಕೆಟ್ ಚೀಲ ಜೋಲಿಸಿಕೊಂಡು ಬಂದವಳು ಬಾಗಿಲಲ್ಲೇ ಕಲ್ಲಾದಳು. ಅಮ್ಮ ಮತ್ತು ಗಂಡನ ಮಾವ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದಾರೆ. ನಡುವೆ ಗಂಡ, ಬಿಳಿ ಬಟ್ಟೆ ಹೊದ್ದುಕೊಂಡು.

"ಯಾರು ತೀರ್ಕೊಂಡ್ರು?" ಎಂದಳು.

ಅಳಿಯ ಮೂರನೆಯ ಸಲ ಹೇಳಿದ. ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿಸಿಕೊಂಡಳು.

"ಮಾಮ ಕರೆದಾಗ ಎಷ್ಟು ಪರ್ಸೆಂಟ್ ಇಳಿದಿತ್ತು?"

"ಎಂಬತ್ತೇಳು."

"ಕರೀದೇ ಇದ್ದಿದ್ರೆ?"

"ನೂರು ಆಗಿರೋದು. ಆಡ್ತಿದ್ದೆ ಅನ್ಸುತ್ತೆ."

"ಸುಳ್ಳು ಹೇಳೋನಾಗಿದ್ರೆ ಹತ್ತು ಪರ್ಸೆಂಟ್ ಅಂತಿದ್ದೆ ನೀನು," ಎಂದು ಫೋನ್ ಕಿತ್ತುಕೊಂಡು ಆ್ಯಪನ್ನು ಅಳಿಸಿದಳು. "ಶುಕ್ರವಾರದವರೆಗೂ ಯಾಕೆ? ಫೀಸು ಈಗಲೇ ಕಟ್ಟಿ. ಅದಾದ್ಮೇಲೆ ನಂಬರು ಬದಲಾಯಿಸೋಣ, ಕಾರ್ಡ್ ನನ್ನ ಹತ್ರ ಇದೆ. ಇಬ್ಬರೂ ಮೊದಲು ಕೈ ತೊಳ್ಕೊಳ್ಳಿ."

ಅತ್ತೆ ಮಾವನನ್ನು ನಲ್ಲಿಯ ಬಳಿ ನಿಲ್ಲಿಸಿ ಸೋಪು ಕೈಗೆ ಕೊಟ್ಟಳು. "ಉಗುರು ಸಂದೀನೂ ಉಜ್ಜಿ. ಇನ್ನೊಂದ್ಸಲ. ಈಗ ತೋರ್ಸಿ." ಮಾವ ಶಾಲೆಯ ಹುಡುಗನಂತೆ ಹತ್ತೂ ಬೆರಳು ಚಾಚಿ ತೋರಿಸಿದ. ತೊಳೆದ ಕೈ ಒದ್ದೆ, ಒದ್ದೆ ಬೆರಳಿಗೆ ಫೋನ್ ಕ್ಯಾರೇ ಎನ್ನಲಿಲ್ಲ. ಎರಡು ಸಲ ಪುಟ ಮುಚ್ಚಿಹೋಯಿತು. ಸಿಡಿಮಿಡಿಗೊಂಡ ಅತ್ತೆ ಅಳಿಯನ ಕುತ್ತಿಗೆಯ ಬಿಳಿ ಬಟ್ಟೆಯನ್ನು ಗಂಟಿನ ಸಮೇತ ಎಳೆದು ಬಿಚ್ಚಿ, ಅದರಲ್ಲಿ ಮೊದಲು ಹಿಟ್ಟು, ಮಸಿ ಮೆತ್ತಿದ್ದ ಫೋನ್, ಆಮೇಲೆ ತನ್ನ ಕೈ, ಕೊನೆಗೆ ಮಾವನ ಕೈ ಒರೆಸಿದಳು. ಮೂರನೆಯ ಸಲಕ್ಕೆ ಇಪ್ಪತ್ತೆರಡು ಸಾವಿರ ತರಬೇತಿ ಶಾಲೆಗೆ ಹೋಯಿತು.

ರಸೀದಿ ಬಂದಾಗ ಹೆಂಡತಿ ಅದನ್ನು ಎರಡು ಸಲ ಓದಿ, ಗಂಡನ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. "ಇನ್ನೂ ಒಂದು ಸಾಲ ಇದೆ. ಐದು ತಿಂಗಳು ಓಡಬೇಕು ನೀನು."

"ಓಡ್ತೀನಿ," ಎಂದ ಅಳಿಯ. ಎದೆಯ ಮೇಲಿಂದ ಯಾರೋ ಎದ್ದುಹೋದಂತಿತ್ತು.

ಮಾವ ಮಾತ್ರ ಹೊರಡಲಿಲ್ಲ. ಬಾಗಿಲಿಲ್ಲದ ಕಪಾಟನ್ನೇ ಓರೆಗಣ್ಣಿನಿಂದ ನೋಡುತ್ತಿದ್ದ. "ಅದರ ಬಾಗಿಲು ಇನ್ನೂ ಇದೆಯಾ?"

"ಹಿಟ್ಟಿನ ಮೂಟೆ ಕೆಳಗೆ ಹಾಕಿದೀನಿ."

"ಕೊಡಿ, ಕೂರಿಸಿಕೊಡ್ತೀನಿ. ಒಳ್ಳೇ ಬೀಗ ಹಾಕಿ."

"ಅಯ್ಯೋ ಬೇಡ ಮಾರಾಯ್ರೆ," ಎಂದಳು ಅತ್ತೆ. "ಬಾಗಿಲು ಹಾಕಿದ್ರೆ ಬ್ರೆಡ್ಡು ಯಾರಿಗೆ ಕಾಣುತ್ತೆ? ಏಳು ವರ್ಷದಿಂದ ವ್ಯಾಪಾರ ಆಗ್ತಿರೋದೇ ಅದರಿಂದ." ಬಿಸಿಯಾದ ಒಂದು ಬ್ರೆಡ್ ತೆಗೆದು ಕಾಗದದಲ್ಲಿ ಸುತ್ತಿ ಅವನ ಮುಂದಿಟ್ಟಳು. "ತಗೊಳ್ಳಿ. ಕೈ ತೊಳೆದಿದೀರಲ್ಲ."

ಆಗ ಕ್ಷೌರದವನು ಏದುಸಿರು ಬಿಡುತ್ತ ಒಳಗೆ ಬಂದ. "ದುಡ್ಡು ಬಂದು ಎರಡು ಗಂಟೆ ಆಯ್ತು. ನನ್ನ ಬಟ್ಟೆ ಎಲ್ಲಿ?"

ಅತ್ತೆ ಹಿಟ್ಟು ಮತ್ತು ಮಸಿ ಸಮಸಮ ಮೆತ್ತಿದ ಆ ಮುದ್ದೆಯನ್ನು ಎತ್ತಿ ಹಿಡಿದಳು.