ಜನರಲ್‌ನ ಗಾಜಿನ ಕಪಾಟು

ಬೀದಿಯವರೆಲ್ಲ ಅವನನ್ನು ಜನರಲ್ ಎಂದೇ ಕರೆಯುತ್ತಿದ್ದರು. ಸೇನೆಯ ಗೇಟಿನೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡು ಅವರಿವರ ಮೂಗಿನ ಅಳತೆ ತೆಗೆಯುತ್ತ ಹೊಟ್ಟೆ ಹೊರೆಯುವ ಬಡಪಾಯಿ. ಆದರೆ ಮನೆಯಲ್ಲಿ ಅವನ ಕೈಕೆಳಗೆ ಅರವತ್ತೆರಡು ಟ್ಯಾಂಕುಗಳೂ ನಲವತ್ತು ಯುದ್ಧವಿಮಾನಗಳೂ ಇದ್ದವು. ಎಲ್ಲವೂ ಡೈಕಾಸ್ಟ್ ಮಾಡೆಲ್‌ಗಳು, ಅಚ್ಚಿಗೆ ಲೋಹ ಎರೆದು ಮಾಡಿದವು, ಅಂಗೈಯಲ್ಲಿ ಹಿಡಿಸುವಂಥವು, ಕೆಳಗಿನ ಕೋಣೆಯ ಗಾಜಿನ ಕಪಾಟಿನಲ್ಲಿ ಸಾಲುಸಾಲಾಗಿ ನಿಂತವು. ಅವನ್ನು ಪ್ಲಾಸ್ಟಿಕ್ ಅಂದವರನ್ನು ಅವನು ಹೇಗೋ ಸಹಿಸುತ್ತಿದ್ದ, ಆಟದ ಸಾಮಾನು ಅಂದವರ ಜೊತೆ ಮಾತೇ ಬಿಡುತ್ತಿದ್ದ.

ಇಂಥ ಜನರಲ್‌ಗೆ ಒಂದೇ ಒಂದು ಕೊರಗಿತ್ತು. ಅವನ ಮಾವ, ಹೆಂಡತಿಯ ಅಪ್ಪ, ನಿಜವಾದ ಟ್ಯಾಂಕಿನಲ್ಲಿ ಕೂತು ನಿಜವಾದ ಯುದ್ಧಕ್ಕೆ ಹೋಗಿಬಂದವರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಆ ಮನುಷ್ಯ ಕಪಾಟಿನ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ. ಬಂದಾಗಲೆಲ್ಲ ಹಾಲ್‌ನಲ್ಲೇ ಕೂತು, ಕಾಫಿ ಕುಡಿದು ಹೊರಟುಬಿಡುತ್ತಿದ್ದರು. 'ಪರವಾಗಿಲ್ಲ ಅಳಿಯಂದ್ರೇ, ಸರಿಯಾಗಿ ಇಟ್ಕೊಂಡಿದ್ದೀರಿ' ಎಂದು ಅವರ ಬಾಯಲ್ಲಿ ಒಂದು ಮಾತು ಬಂದರೆ ಸಾಕಿತ್ತು, ಜನರಲ್‌ನ ಜನ್ಮ ಸಾರ್ಥಕವಾಗುತ್ತಿತ್ತು. ಹೋದ ವರ್ಷ ಅವರು ಕೆಲಸ ಮಾಡಿದ ಟ್ಯಾಂಕಿನದೇ ಮಾಡೆಲ್ ಎಲ್ಲಿಂದಲೋ ಹುಡುಕಿ ತರಿಸಿದ್ದ. ಹೆಂಡತಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಪ್ಪನ ಹಳೆಯ ಫೋಟೋದಲ್ಲಿದ್ದ ಟ್ಯಾಂಕಿನ ನಂಬರನ್ನು ಭೂತಗನ್ನಡಿ ಹಿಡಿದು ನೋಡಿ, ಮೂರೇ ಮೂರು ಕೂದಲಿನ ಬ್ರಶ್ಶಿನಲ್ಲಿ ಅದರ ತಿರುಗುವ ತಲೆಯ ಮೇಲೆ ಬರೆದುಕೊಟ್ಟಿದ್ದಳು. ಅದನ್ನು ಜನರಲ್ ನಡುವಿನ ಸಾಲಿನಲ್ಲಿ, ಎಲ್ಲಕ್ಕಿಂತ ಮುಂದೆ ಇಟ್ಟಿದ್ದ.

ಈಗ ಮಾವನೇ ಕಪಾಟಿನ ಕೋಣೆಗೆ ಬಂದಿದ್ದರು. ಸೊಂಟದ ಮೂಳೆಗೆ ಆಪರೇಷನ್ ಆಗಿತ್ತು, ಆರು ವಾರ ಮೆಟ್ಟಿಲು ಹತ್ತುವಂತಿಲ್ಲ, ಕೆಳಗಡೆ ಬಚ್ಚಲು ಅಂಟಿಕೊಂಡಿದ್ದ ಕೋಣೆ ಅದೊಂದೇ. ಮಂಚ ಹಾಕಿದ್ದು ಕಪಾಟಿನ ಎದುರಿಗೇ. ಜನರಲ್ ಒಳಗೊಳಗೇ ಕುಣಿದಾಡಿದ. ಆರು ವಾರ ಕಣ್ಣೆದುರಿಗೇ ಇದ್ದರೆ ಎಂಥ ಕಲ್ಲಾದರೂ ಮಾತಾಡಲೇಬೇಕಲ್ಲ!

ಕಲ್ಲು ಮಾತಾಡಲಿಲ್ಲ. ಜನರಲ್ ಅಂಗಡಿಯಿಂದ ದಿನಕ್ಕೆ ಮೂರು ಸಲ ಹೆಂಡತಿಗೆ ಫೋನ್ ಮಾಡಿದ. ಮಾತ್ರೆ ತಗೊಂಡ್ರಾ ಎಂದು ಶುರುಮಾಡಿ, ಕಪಾಟು ನೋಡಿದ್ರಾ, ಏನಾದರೂ ಅಂದ್ರಾ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದ. ಶಾಲೆಗೆ ಒಂದು ವಾರ ರಜೆ ಹಾಕಿ ಅಪ್ಪನ ಸೇವೆಗೆ ನಿಂತಿದ್ದ ಅವಳು ಮೊದಲ ದಿನ ನಕ್ಕಳು, ಎರಡನೆಯ ದಿನ ಗೊಣಗಿದಳು, ಮೂರನೆಯ ದಿನ ಫೋನೇ ಎತ್ತಲಿಲ್ಲ.

ಆ ಮೂರನೆಯ ದಿನವೇ ಜನರಲ್ ಮನೆಗೆ ಬಂದು ನೋಡುತ್ತಾನೆ, ಮೇಲಿನ ಸಾಲಿನ ಹತ್ತು ಟ್ಯಾಂಕುಗಳ ಫಿರಂಗಿ ನಳಿಗೆಗಳು ಎಡಕ್ಕೆ ತಿರುಗಿವೆ! ಅವನ ಕಪಾಟಿನಲ್ಲಿ ನಳಿಗೆ ಅಂದರೆ ನೇರ ಮುಂದಕ್ಕೆ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಇರಬೇಕು. ಕೆಲಸದಾಕೆ ಧೂಳು ಹೊಡೆದಿರಬೇಕು ಎಂದುಕೊಂಡು ಸರಿಮಾಡಿದ. ಮಾರನೆಯ ದಿನ ಇಪ್ಪತ್ತು ತಿರುಗಿದ್ದವು. ಕೆಲಸದಾಕೆ ಆ ದಿನ ಬಂದೇ ಇರಲಿಲ್ಲ. ಹಾಗಾದರೆ ಇದು ಮಾವನದೇ ಕೈ.

ವಿಮಾನಗಳನ್ನು ಯಾರೂ ಮುಟ್ಟಿರಲಿಲ್ಲ ಎಂಬುದನ್ನು ಅವನು ಗಮನಿಸಿದ. ಟ್ಯಾಂಕಿನ ಮೇಲೆ ಮಾತ್ರ ಯಾಕೀ ಹಗೆ? ಹೆಂಡತಿ ಯೋಚಿಸಿ, ರಾತ್ರಿಯೆಲ್ಲ ಅಷ್ಟು ಫಿರಂಗಿಗಳು ಎದೆಗೆ ಗುರಿಯಿಟ್ಟು ನಿಂತರೆ ನಿಮಗಾದರೂ ನಿದ್ದೆ ಬರುತ್ತಾ ಎಂದು ಕೇಳಿದಳು. ಅದೂ ನಿಜವೇ ಅನ್ನಿಸಿತು. ಇಬ್ಬರೂ ಸೇರಿ ಏದುಸಿರು ಬಿಡುತ್ತ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದರು. ಮಾವ ಕುರ್ಚಿಯಲ್ಲಿ ಕೂತು ನೋಡಿದರು.

ಮರುದಿನ ಅರವತ್ತೆರಡೂ ಎಡಕ್ಕೆ ತಿರುಗಿದ್ದವು.

ಅಲ್ಲಿಗೆ ಜನರಲ್‌ನ ನೆಮ್ಮದಿ ಮೂರಾಬಟ್ಟೆಯಾಯಿತು. ಇದು ಬೇಕೆಂದೇ ಮಾಡುತ್ತಿರುವುದು, ಮೇಷ್ಟರು ದಡ್ಡನ ಲೆಕ್ಕಕ್ಕೆ ಕಾಟು ಹೊಡೆದ ಹಾಗೆ, ಎಂದು ಅವನಿಗೆ ಖಾತ್ರಿಯಾಯಿತು. ಬಾಯಿಬಿಟ್ಟು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅಂಗಡಿಯಲ್ಲಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಡ್ರೈವಿಂಗ್ ಸ್ಕೂಲಿನ ಯಜಮಾನನ ಕನ್ನಡಕವನ್ನು ಪಕ್ಕದ ಟೈಲರ್‌ಗೆ ಕೊಟ್ಟು, ಟೈಲರ್‌ನದನ್ನು ಅವನಿಗೆ ಕೊಟ್ಟು ಕಳಿಸಿದ. ಯಜಮಾನ ಹತ್ತು ಹೆಜ್ಜೆ ಹೋಗಿ ಲೈಟ್ ಕಂಬಕ್ಕೆ ಗುದ್ದಿಕೊಂಡು ವಾಪಸ್ಸು ಬಂದ. ಟೈಲರ್ ಮಾತ್ರ, ಜನರಲ್ ಸಾಹೇಬರ ಸೈನ್ಯದಲ್ಲಿ ದಂಗೆ ಎದ್ದಿರಬೇಕು ಎಂದು ಬೀದಿಗೆಲ್ಲ ಕೇಳುವಂತೆ ನಕ್ಕ.

ಆ ಸಂಜೆ, ಮಾವ ಬಚ್ಚಲಿಗೆ ಹೋದ ಹೊತ್ತು ನೋಡಿ, ಜನರಲ್ ಎಲ್ಲ ನಳಿಗೆಗಳನ್ನೂ ಮತ್ತೆ ನೇರ ಮಾಡಿದ. ಆಮೇಲೆ ಒಂದು ಕೆಲಸ ಮಾಡಿದ. ಸಂಗ್ರಹ ಮಾಡುವವರು ಕೇಳಿದರೆ ಎದೆ ಬಡಿದುಕೊಳ್ಳುವಂಥ ಕೆಲಸ. ಕನ್ನಡಕದ ಫ್ರೇಮಿಗೆ ಹಾಕುವ ಗಟ್ಟಿ ಅಂಟನ್ನು ಸೂಜಿಯ ತುದಿಯಲ್ಲಿ ತೆಗೆದು, ನಂಬರ್ ಬರೆದ ಆ ಟ್ಯಾಂಕಿನ ತಲೆ ತಿರುಗುವ ಕತ್ತಿನ ಸುತ್ತ ಸವರಿಬಿಟ್ಟ. ಮಿಕ್ಕವು ಹಾಳಾಗಿ ಹೋಗಲಿ, ಇದೊಂದನ್ನು ತಿರುಗಿಸಿ ನೋಡಲಿ ಎಂದು ಹಲ್ಲು ಕಚ್ಚಿದ. ಐವತ್ತು ದಾಟಿದವನು, ಮೂರನೆಯ ಕ್ಲಾಸಿನ ಮಗುವಿನ ಬುದ್ಧಿ.

ಮರುದಿನ ಅಂಗಡಿಯಲ್ಲಿ ಅವನಿಗೆ ಮಧ್ಯಾಹ್ನದ ತನಕವೂ ತಡೆಯಲಾಗಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಸುತ್ತಿ, ಹನ್ನೊಂದೂವರೆಗೇ ಬಾಗಿಲು ಎಳೆದುಕೊಂಡು ಮನೆಗೆ ಓಡಿದ. ಹೆಂಡತಿ ಔಷಧಿ ತರಲು ಹೋಗಿದ್ದಳು. ಕೋಣೆಯ ಬಾಗಿಲು ತೆರೆದೇ ಇತ್ತು.

ಮಾವ ವಾಕರ್ ಬಿಟ್ಟು, ಕಪಾಟಿಗೆ ಭುಜ ಆನಿಸಿ ನಿಂತಿದ್ದರು. ಉಳಿದ ಅರವತ್ತೊಂದೂ ಆಗಲೇ ಎಡಕ್ಕೆ ತಿರುಗಿದ್ದವು. ಕೈಯಲ್ಲಿದ್ದದ್ದು ಆ ನಂಬರಿನ ಟ್ಯಾಂಕು. ಅದರ ತಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಉಗುರು ಸೀಳಿ ರಕ್ತ ಬಂದಿತ್ತು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಇವತ್ತು ಕೇಳಿಯೇ ಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದ ಜನರಲ್ ನೇರ ಅವರ ಹತ್ತಿರ ಹೋದ.

"ಅಳಿಯಂದ್ರೇ," ಎಂದರು ಮಾವ, "ಇದು ತಿರುಗ್ತಾ ಇಲ್ಲ."

ಜನರಲ್ ಅವರ ತೋಳು ಹಿಡಿದು ಮಂಚದ ಮೇಲೆ ಕೂರಿಸಿದ. ಟ್ಯಾಂಕನ್ನು ಅವರು ಬಿಡಲಿಲ್ಲ. ಅದರ ಮುಂಭಾಗದಲ್ಲಿ, ನಳಿಗೆಯ ಕೆಳಗಿದ್ದ ಅಕ್ಕಿಕಾಳಿನಷ್ಟು ಚಿಕ್ಕ ಮುಚ್ಚಳವನ್ನು ತೋರಿಸಿದರು.

"ಇದು ಡ್ರೈವರ್ ಹೊರಗೆ ಬರೋ ಬಾಗಿಲು. ನಳಿಗೆ ಹಿಂಗೆ ನೇರ ನಿಂತುಬಿಟ್ರೆ ಮುಚ್ಚಳ ಮೇಲಕ್ಕೆ ಏಳೋದಿಲ್ಲ. ಏಟು ಬಿದ್ದಾಗ ನಾವು ಮೇಲಿಂದ ಹೊರಗೆ ಹಾರೋ ಮುಂಚೆ ಟ್ಯಾಂಕಿನ ತಲೆ ಪಕ್ಕಕ್ಕೆ ತಿರುಗಿಸಬೇಕು. ತಿರುಗಿಸೋ ಕೆಲಸ ನಂದು."

ಆಮೇಲೆ ಹೇಳಿದ್ದನ್ನೆಲ್ಲ ಅವರು ಟ್ಯಾಂಕನ್ನೇ ನೋಡುತ್ತ ಹೇಳಿದರು. ಆಗ ಅವರಿಗೆ ಇಪ್ಪತ್ತೆರಡು. ಡ್ರೈವರ್ ಇವರಿಗಿಂತ ಒಂದು ವರ್ಷ ಚಿಕ್ಕವನು, ಬಾಯಿಬಡುಕ, ಇವರ ಸೋಪನ್ನು ಕದ್ದು ಸ್ನಾನ ಮಾಡುತ್ತಿದ್ದವನು. ಏಟು ಬಿದ್ದು ಒಳಗೆ ಹೊಗೆ ತುಂಬಿತು, ಹಾರಿ ಎಂದು ಯಾರೋ ಕೂಗಿದರು, ಇವರು ಹಾರಿಬಿಟ್ಟರು. ನೆಲಕ್ಕೆ ಬಿದ್ದು ತಿರುಗಿ ನೋಡಿದಾಗ ನಳಿಗೆ ನೇರ ಇತ್ತು. ಮತ್ತೆ ಹತ್ತಲು ಹೋದವರನ್ನು ಇಬ್ಬರು ಕಾಲು ಹಿಡಿದು ಎಳೆದರು. ಒಳಗಿಂದ ಅವನು ಮುಚ್ಚಳ ಬಡಿಯುವುದು ಬಹಳ ಹೊತ್ತು ಕೇಳುತ್ತಿತ್ತಂತೆ. ಇದನ್ನು ತೀರಿಹೋದ ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ.

"ನಿಮ್ಮ ಕಪಾಟಲ್ಲಿ ಅಷ್ಟೂ ನೇರ ನಿಂತಿದಾವೆ," ಎಂದರು. "ನನಗೆ ನೋಡೋಕಾಗಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಗೊತ್ತು. ತಪ್ಪು ತಿಳ್ಕೋಬೇಡಿ."

ಜನರಲ್‌ಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹನ್ನೊಂದು ವರ್ಷ ಈ ಮನುಷ್ಯ ಕೋಣೆಯ ಹೊಸ್ತಿಲು ದಾಟದೆ ಹಾಲ್‌ನಲ್ಲೇ ಕೂತಿದ್ದದ್ದು ಜಂಬದಿಂದಲ್ಲ. ಅದನ್ನು ಜಂಬ ಎಂದುಕೊಂಡು, ಹೊಗಳಿಕೆಗೆ ಜೊಲ್ಲು ಸುರಿಸಿಕೊಂಡು ಕಾದದ್ದು ತಾನು.

ಮಾವ ನಂಬರಿನ ಮೇಲೆ ಬೆರಳಾಡಿಸಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ನಿಮ್ಮ ಮಗಳೇ ಎಂದ ಜನರಲ್. ಚೆನ್ನಾಗಿ ಬರೆದಿದ್ದಾಳೆ ಎಂದರು. ಕೊನೆಗೂ ಆ ಬಾಯಿಂದ ಬಂದ ಹೊಗಳಿಕೆ ಅದು, ಅದನ್ನು ಕೇಳಿಸಿಕೊಂಡು ನಿಲ್ಲುವುದು ಅವನಿಂದಾಗಲಿಲ್ಲ.

"ಅಂಟು ಹಾಕಿದ್ದು ನಾನೇ ಮಾವ," ಎಂದ. "ನೀವು ತಿರುಗಿಸಬಾರದು ಅಂತಲೇ ಹಾಕ್ದೆ. ಗೊತ್ತಿರಲಿಲ್ಲ."

ಮಾವ ಟ್ಯಾಂಕನ್ನು ಅವನ ಮುಂದೆ ಹಿಡಿದರು, ಅಷ್ಟೆ. ಜನರಲ್ ಅದನ್ನು ತಗೊಂಡು ಒಂದು ಕೈಯಲ್ಲಿ ಒಡಲು, ಇನ್ನೊಂದು ಕೈಯಲ್ಲಿ ತಲೆ ಹಿಡಿದು ತಿರುಚಿದ. ಅಲ್ಲಾಡಲಿಲ್ಲ. ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಅಂಗೈಗೆ ನಳಿಗೆ ಚುಚ್ಚುತ್ತಿದ್ದರೂ ಬಿಡದೆ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಿರುಚಿದ. ಚಟ್ಟೆಂದು ಸದ್ದಾಗಿ ತಲೆ ಕತ್ತಿನಿಂದಲೇ ಮುರಿದು ಅವನ ಮುಷ್ಟಿಯೊಳಗೆ ಬಂತು. ಹೆಂಡತಿ ಬರೆದ ನಂಬರಿನ ಅರ್ಧ ಬಣ್ಣ ಅವನ ಬೆವರಿಗೆ ಅಂಟಿಕೊಂಡಿತ್ತು.

ತಲೆಯಿಲ್ಲದ ಒಡಲನ್ನು ಮಾವನ ಅಂಗೈ ಮೇಲಿಟ್ಟ. ಮುಂಭಾಗದ ಮುಚ್ಚಳದ ಮೇಲೆ ಈಗ ಏನೂ ಅಡ್ಡವಿರಲಿಲ್ಲ. ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಹಿಂಗಿದ್ದಿದ್ರೆ ಬಂದ್ಬಿಡ್ತಿದ್ದ ಅವನು," ಎಂದರು.