ಹಣೆಯ ಮೇಲಿನ ಸುಳ್ಳು ನಂಬರು

ನಾನು ಒಂದು ಎಂಜಿನ್. ಆರು ಸಿಲಿಂಡರಿನ, ಪೆಟ್ರೋಲ್ ಕುಡಿಯುವ, ಅಮೆರಿಕದಲ್ಲಿ ಹುಟ್ಟಿದ ಗಾಡಿಯ ಎಂಜಿನ್. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು, ಆರಿದ ಮೇಲೆ ಅಚ್ಚು ಒಡೆದು ನನ್ನನ್ನು ಹೊರಗೆ ತೆಗೆದರು. ಹೊರಗೆ ಬರುವಾಗಲೇ ನನ್ನ ಬೆನ್ನ ಮೇಲೆ ಅಂಕಿಗಳು ಉಬ್ಬಿಕೊಂಡಿದ್ದವು. ಮೇಲಿನ ಸಾಲಿನಲ್ಲಿರುವ ಏಳು ಅಂಕಿಗಳು ನಾನು ಯಾವ ಅಚ್ಚಿನ ಕೂಸು ಎಂದು ಹೇಳುತ್ತವೆ. ಅದರ ಕೆಳಗೆ ‘ಸಿ ೧೪ ೫’ ಎಂದಿದೆ. ಇಂಗ್ಲಿಷಿನ ಮೂರನೆಯ ಅಕ್ಷರವಾದ ಸಿ ಎಂದರೆ ಮೂರನೆಯ ತಿಂಗಳು, ಮಾರ್ಚ್. ಹದಿನಾಲ್ಕು ಎಂದರೆ ತಾರೀಖು. ಐದು ಎಂದರೆ ಐವತ್ತೈದನೆಯ ಇಸವಿ. ಇಷ್ಟು ಗಟ್ಟಿಯಾದ ಜನ್ಮಪತ್ರಿಕೆ ಎಷ್ಟು ಮನುಷ್ಯರಿಗಿದೆ ಹೇಳಿ?

ಇನ್ನೊಂದು ನಂಬರು ಆಮೇಲೆ ಬಂತು. ನನಗೆ ಪಿಸ್ಟನ್ನು, ವಾಲ್ವು ಎಲ್ಲ ಜೋಡಿಸಿದ ಮೇಲೆ ಕೆಲಸಗಾರನೊಬ್ಬ ಉಕ್ಕಿನ ಅಚ್ಚುಮೊಳೆಗಳನ್ನು ನನ್ನ ಹಣೆಯ ಸಪಾಟು ಜಾಗದಲ್ಲಿ ಇಟ್ಟು, ಸುತ್ತಿಗೆಯಿಂದ ಒಂದೊಂದೇ ಅಂಕಿ ಹೊಡೆದ. ಬೆನ್ನ ಮೇಲಿನದು ನಮ್ಮ ಮನೆತನದ ಹೆಸರು. ಆ ಅಚ್ಚಿನ ಸಾವಿರಾರು ಎಂಜಿನ್‌ಗಳಿಗೂ ಅದೇ. ಹಣೆಯ ಮೇಲಿನದು ನನ್ನೊಬ್ಬನ ಹೆಸರು. ಆ ಹೆಸರನ್ನು ಮುಂದೆ ಒಬ್ಬ ದೊಡ್ಡ ಮನುಷ್ಯ ಉಜ್ಜಿ ಹಾಕಿಸಿದ. ನೆನೆದರೆ ಇವತ್ತಿಗೂ ಮೈ ಕಾಯುತ್ತದೆ, ಒಳಗೆ ಒಂದು ತೊಟ್ಟು ಪೆಟ್ರೋಲ್ ಇಲ್ಲದಿದ್ದರೂ.

ಉದ್ದನೆಯ ವ್ಯಾನೊಂದರ ಮೂತಿಯೊಳಗೆ ಕೂತು ನಾನು ಹಡಗಿನಲ್ಲಿ ಮದರಾಸಿಗೆ ಬಂದೆ. ಅಲ್ಲಿಂದ ಹೊಸಪೇಟೆ ಸೀಮೆಯ ಒಂದು ಮ್ಯಾಂಗನೀಸ್ ಗಣಿಗೆ ಬಂದೆ. ಗಣಿಯ ಯಜಮಾನರು ವ್ಯಾನನ್ನು ತಮ್ಮ ಕೂಲಿಗಳ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಅಲ್ಲಿ ಇದ್ದವರು ಇಬ್ಬರು. ಡಾಕ್ಟರ್ ಅಂಬುಜಾಕ್ಷಿ, ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಇನ್ನೊಬ್ಬ ಡ್ರೈವರ್ ದಸ್ತಗಿರಿ. ಬೆಳಿಗ್ಗೆ ನನ್ನನ್ನು ಚಾಲೂ ಮಾಡುವ ಮೊದಲು ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ‘ಬಿಸ್ಮಿಲ್ಲಾ’ ಎನ್ನುತ್ತಿದ್ದ. ನಾನು ಒಂದೇ ಸಲಕ್ಕೆ ಎದ್ದುಬಿಡುತ್ತಿದ್ದೆ.

ಗುಡ್ಡದ ಮೇಲಿನ ಗಣಿಯಿಂದ ಕೆಳಗಿನ ಆಸ್ಪತ್ರೆಗೆ ಕೆಂಪು ಧೂಳಿನ ಹನ್ನೊಂದು ಮೈಲಿ ದಾರಿ. ಕಲ್ಲು ಬಿದ್ದು ಕಾಲು ಮುರಿದವರು, ಹಾವು ಕಡಿದವರು, ಹೆರಿಗೆ ನೋವು ತಿನ್ನುವ ಹೆಂಗಸರು, ಎಲ್ಲರನ್ನೂ ನಾನು ಎಳೆದು ತಂದಿದ್ದೇನೆ. ಒಂಬತ್ತು ಮಕ್ಕಳು ನನ್ನ ಬೆನ್ನ ಹಿಂದೆಯೇ ಹುಟ್ಟಿದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನ್ನದು ಎಂಥ ಬಾಳು ಎಂಬುದು ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಅರವತ್ತೊಂದರ ಬೇಸಿಗೆಯಲ್ಲಿ ನನ್ನ ನೀರಿನ ಪಂಪು ಒಡೆಯಿತು. ಪಂಪಿನ ಮೈಮೇಲೂ ನಂಬರು ಇರುತ್ತದೆ. ಕೊನೆಯ ಎರಡಂಕಿ ಯಾವ ಗಾಡಿಗೆ ಯಾವ ಅಳತೆಯ ಪಂಪು ಎಂದು ಹೇಳುತ್ತದೆ. ದಸ್ತಗಿರಿ ಜಿಡ್ಡನ್ನು ಬೆರಳಿಂದ ಒರೆಸಿ, ಓದಿ, ಮದರಾಸಿನ ಅಂಗಡಿಗೆ ತಂತಿ ಕೊಟ್ಟ. ಕೊನೆಗೆ ೪೭ ಇತ್ತು. ಅವನು ೪೧ ಎಂದು ಓದಿದ್ದ. ಇಂಗ್ಲಿಷಿನ ಏಳರ ಮೇಲಿನ ಅಡ್ಡಗೆರೆಗೆ ಜಿಡ್ಡು ಮೆತ್ತಿಕೊಂಡು ಅದು ಒಂದರ ಹಾಗೆ ಕಾಣುತ್ತಿತ್ತು. ರೈಲಿನಲ್ಲಿ ಬಂದ ಪಂಪಿನ ಕತ್ತು ಒಂದು ಬೆರಳಷ್ಟು ಉದ್ದವಾಗಿತ್ತು. ಅದನ್ನು ಕೂರಿಸಿದರೆ ಫ್ಯಾನು ಹೋಗಿ ರೇಡಿಯೇಟರಿಗೆ ತಾಗುತ್ತಿತ್ತು. ಸರಿಯಾದದ್ದು ಬರುವವರೆಗೆ ನಾನು ಇನ್ನೂ ಒಂಬತ್ತು ದಿನ ಶೆಡ್ಡಿನಲ್ಲಿ ನಿಂತೆ.

ಏಳನೆಯ ದಿನ ಮಧ್ಯಾಹ್ನ ಗುಡ್ಡದಿಂದ ನಾಲ್ಕು ಜನ ಮಂಚ ಹೊತ್ತು ಇಳಿದರು. ಮಂಚದ ಮೇಲೆ ದುರುಗಮ್ಮ ಎಂಬ ಅದಿರು ಆರಿಸುವ ಹೆಂಗಸು. ಚೊಚ್ಚಲ ಹೆರಿಗೆ. ಗಾಡಿಗೆ ಮುಕ್ಕಾಲು ಗಂಟೆಯ ದಾರಿ, ಹೆಗಲಿಗೆ ಐದು ಗಂಟೆಯಾಗಿತ್ತು. ಕೂಸು ಉಳಿಯಿತು. ದುರುಗಮ್ಮ ಉಳಿಯಲಿಲ್ಲ.

ದಸ್ತಗಿರಿ ಶೆಡ್ಡಿಗೆ ಬಂದು ನನ್ನ ಮುಂದೆ ನೆಲದ ಮೇಲೆ ಕೂತುಬಿಟ್ಟ. ಹಿಂದೆಯೇ ಡಾಕ್ಟರ್ ಬಂದರು.

“ಒಂದು ಅಂಕಿ ತಪ್ಪಿದ್ದಕ್ಕೆ ಒಂದು ಜೀವ ಹೋತು ಡಾಕ್ಟ್ರಮ್ಮ,” ಎಂದ.

“ನೀನು ಬರೆದದ್ದನ್ನು ನಾನೂ ನೋಡಿ ಸಹಿ ಹಾಕಿದ್ದೆ, ದಸ್ತಗಿರಿ. ತಪ್ಪು ನಿನ್ನೊಬ್ಬನದಲ್ಲ. ಏಳು,” ಎಂದರು. ಆದರೆ ಅವರೂ ಅವನ ಪಕ್ಕದಲ್ಲೇ ಕೂತರು.

ಅಂದಿನಿಂದ ಅವನು ಯಾವ ನಂಬರನ್ನೂ ಸೀಮೆಎಣ್ಣೆಯಲ್ಲಿ ತೊಳೆಯದೆ, ಎರಡು ಸಲ ಓದದೆ, ಬೆರಳಿಂದ ತಡವಿ ನೋಡದೆ ಬರೆಯಲಿಲ್ಲ. ಕಬ್ಬಿಣದ ಮೇಲಿನ ಅಂಕಿ ಎಂದರೆ ಆಟಿಕೆಯಲ್ಲ ಎಂದು ಅವನಿಗೆ ಗೊತ್ತಾಗಿತ್ತು. ನನಗೂ.

ಡಾಕ್ಟರ್ ಕಾಲವಾದ ಮೇಲೆ ಗಣಿಯವರು ಆಸ್ಪತ್ರೆ ಮುಚ್ಚಿ ವ್ಯಾನನ್ನು ದಸ್ತಗಿರಿಗೆ ಕೊಟ್ಟರು. ಪೆಟ್ರೋಲ್ ತುಟ್ಟಿಯಾಗಿತ್ತು. ಅವನು ವ್ಯಾನಿಗೆ ಡೀಸೆಲ್ ಎಂಜಿನ್ ಹಾಕಿಸಿ ಬಾಡಿಗೆಗೆ ಓಡಿಸಿದ. ನನ್ನನ್ನು ಮಾತ್ರ ಮಾರಲಿಲ್ಲ. ಗ್ರೀಸ್ ಬಳಿದು, ತಾಡಪತ್ರಿ ಹೊದಿಸಿ, ಹಿತ್ತಲ ಕೊಟ್ಟಿಗೆಯಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದ. ಅಲ್ಲಿ ನಲವತ್ತು ವರ್ಷ ಇದ್ದೆ. ವ್ಯಾನೂ ಹೋಯಿತು, ದಸ್ತಗಿರಿಯೂ ಹೋದ.

ಒಂದು ದಿನ ಬೆಂಗಳೂರಿನಿಂದ ರೋಹಿತಾಶ್ವ ರಾವ್ ಎಂಬಾತ ಬಂದ. ಹಳೆಯ ಅಮೆರಿಕನ್ ಕಾರುಗಳನ್ನು ಕೂಡಿಹಾಕುವ ಸಾಹುಕಾರ. ಜೊತೆಯಲ್ಲಿ ಅವನ ಫಿಟ್ಟರ್ ಪೌಲ್‌ರಾಜ್, ಐವತ್ತು ದಾಟಿದ, ಬಡಕಲು ಮೈಯ ಮನುಷ್ಯ. ರಾವ್ ಬಳಿ ನಮ್ಮದೇ ಕಂಪನಿಯ ಒಂದು ಕಾರು ಎಂಜಿನ್ ಇಲ್ಲದೆ ನಿಂತಿತ್ತಂತೆ.

ದಸ್ತಗಿರಿಯ ಮಗಳು ಜೈನಾಬಿ ನನ್ನನ್ನು ಕೊಡಲು ಒಪ್ಪಿದಳು. ಲಾರಿಗೆ ಏರಿಸುವಾಗ ಒಂದೇ ಮಾತು ಹೇಳಿದಳು. “ಇದು ಆಸ್ಪತ್ರೆ ಗಾಡಿದು ಸಾಹೇಬ್ರ. ನಮ್ಮ ಅಬ್ಬಾ ಇದರಾಗ ಎಷ್ಟೋ ಬಸುರಿ ಹೆಂಗಸ್ರನ್ನ ಕರ್ಕೊಂಡು ಬಂದಾರೆ. ಎಲ್ಲಾದ್ರೂ ತೋರ್ಸೋಕೆ ಇಟ್ರೆ ಆ ಮಾತು ಬರೀರಿ.”

“ಖಂಡಿತಾ ಬರೆಸ್ತೀನಮ್ಮ,” ಎಂದ ರಾವ್.

ಬರೆಸಿದ್ದು ಏನು ಗೊತ್ತೆ?

ಅವನ ಕಾರು ಐವತ್ತೆರಡರ ಮಾದರಿ. ಯಾವುದೋ ಸಣ್ಣ ಸಂಸ್ಥಾನದ ಯುವರಾಜ ಬೇಟೆಗೆ ಹೋಗುತ್ತಿದ್ದ ಕಾರಂತೆ. ಕಾಗದಪತ್ರದಲ್ಲಿ ಅದರ ಮೂಲ ಎಂಜಿನ್ನಿನ ನಂಬರು ಇತ್ತು, ಎಂಜಿನ್ ಮಾತ್ರ ಎಂದೋ ಕಳೆದುಹೋಗಿತ್ತು. ರಾವ್ ಆ ನಂಬರನ್ನು ಚೀಟಿಯಲ್ಲಿ ಬರೆದು ಪೌಲ್‌ರಾಜನ ಕೈಗೆ ಕೊಟ್ಟ.

“ಇದರ ನಂಬರ್ ಉಜ್ಜಿ ಈ ನಂಬರ್ ಹೊಡಿ.”

“ಸಾರ್, ಅದು ತಪ್ಪಾಗುತ್ತೆ ಸಾರ್. ಎಂಜಿನ್ ಬದಲಾಯಿಸಿದೀವಿ ಅಂತ ಆರ್‌ಟಿಓದಲ್ಲಿ ಬರೆಸಿದ್ರೆ ಆಯ್ತಲ್ಲ.”

“ಬರೆಸಿದ್ರೆ ಯುವರಾಜರ ಕಾರಿಗೆ ಏನಯ್ಯಾ ಬೆಲೆ ಉಳಿಯುತ್ತೆ? ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು. ಮಾಡೋರು ಬೇಕಾದಷ್ಟು ಜನ ಇದಾರೆ.”

ಪೌಲ್‌ರಾಜ್ ತಲೆ ತಗ್ಗಿಸಿದ. ಗ್ರೈಂಡರ್ ಚೀರಿತು. ದುರುಗಮ್ಮನನ್ನು ತರಲಾಗದೆ ನಿಂತ ನಾನು, ನೂರಾರು ಜನರನ್ನು ತಂದು ಬದುಕಿಸಿದ ನಾನು, ಎರಡು ನಿಮಿಷದಲ್ಲಿ ಯಾರೂ ಅಲ್ಲದವನಾದೆ. ಆಮೇಲೆ ಒಂದೊಂದೇ ಏಟು ಬಿತ್ತು. ಕೊನೆಯ ಅಂಕಿ ಹೊಡೆಯುವಾಗ ಅವನು ಮುಖ ತಿರುಗಿಸಿದ, ಅದು ವಾಲಿಕೊಂಡಿತು. ನನಗೆ ಅವನ ಮೇಲೂ ಸಿಟ್ಟಿತ್ತು. ಒಲ್ಲೆ ಎನ್ನಲು ಬಾಯಿರಲಿಲ್ಲವೆ?

ಮೈಸೂರಿನಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆಯಿತು. ನಮ್ಮ ಕಾರಿನ ಮುಂದೆ ಬಂಗಾರದ ಬಣ್ಣದ ಅಕ್ಷರಗಳ ಹಲಗೆ: ‘ಯುವರಾಜರ ಬೇಟೆಯ ಕಾರು. ಮೂಲ ಎಂಜಿನ್.’ ಮೂಲ! ಜನ ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹುಲಿಯ ವಾಸನೆಯನ್ನೂ ಕಾಣದ ನನ್ನನ್ನು ತೋರಿಸಿ ರಾವ್ ಬೇಟೆಯ ಕಥೆ ಹೇಳಿದ.

ಆಗ ತೀರ್ಪುಗಾರರಾಗಿ ವನಮಾಲಾ ಬಳಿಗಾರ್ ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎರಕದ ತಪಾಸಣೆ ಮಾಡಿ ನಿವೃತ್ತರಾದವರು. ಕೈಯಲ್ಲಿ ಟಾರ್ಚು, ಹಲ್ಲಿನ ಡಾಕ್ಟರು ಇಟ್ಟುಕೊಳ್ಳುವಂಥ ಸಣ್ಣ ಕನ್ನಡಿ, ಎಂಜಿನ್ ನಂಬರುಗಳ ಒಂದು ಜೀರ್ಣವಾದ ಪುಸ್ತಕ. ಹಣೆಯ ನಂಬರನ್ನು ಕಾಗದಕ್ಕೆ ಹೋಲಿಸಿ ನೋಡಿದರು. ಅಷ್ಟಕ್ಕೇ ಮುಂದೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ವಾಲಿದ ಆ ಕೊನೆಯ ಅಂಕಿಯ ಮೇಲೆ ಬೆರಳಾಡಿಸಿದರು.

“ಹಿಂದುಗಡೆ ಸ್ವಲ್ಪ ಒರೆಸಬೇಕು. ಸೀಮೆಎಣ್ಣೆ ಬಟ್ಟೆ ಇದೆಯಾ?”

“ಹಿಂದೆ ಏನೂ ಇಲ್ಲ ಮೇಡಂ, ಬರೀ ಜಿಡ್ಡು,” ಎಂದ ರಾವ್.

ಪೌಲ್‌ರಾಜ್ ಬಟ್ಟೆ ತಂದು ಕೊಟ್ಟ. ವನಮಾಲಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದರು. ಕನ್ನಡಿಯಲ್ಲಿ ನನ್ನ ಬೆನ್ನು ಕಂಡಿತು. ಪುಸ್ತಕದ ಹಾಳೆ ತಿರುವಿದರು.

“ಈ ಅಚ್ಚು ಬಳಕೆಯಲ್ಲಿ ಇದ್ದದ್ದು ಐವತ್ನಾಲ್ಕರಿಂದ ಐವತ್ತೇಳರವರೆಗೆ ಮಾತ್ರ. ತಾರೀಖು ಐವತ್ತೈದರ ಮಾರ್ಚ್ ಹದಿನಾಲ್ಕು. ನಿಮ್ಮ ಕಾರು ಐವತ್ತೆರಡರದು. ಕಾರು ಹುಟ್ಟಿ ಮೂರು ವರ್ಷದ ಮೇಲೆ ಅದರ ಮೂಲ ಎಂಜಿನ್ ಹೇಗೆ ಹುಟ್ಟುತ್ತೆ ಸರ್?”

ನನ್ನ ಜನ್ಮದಿನವನ್ನು ಒಬ್ಬರು ಗಟ್ಟಿಯಾಗಿ ಓದಿದ್ದು ಅದೇ ಮೊದಲು.

ರಾವ್ ನಕ್ಕ. “ಯಾವಾಗಲೋ ಎಂಜಿನ್ ಬದಲಾಗಿರಬಹುದು ಮೇಡಂ.”

“ಬದಲಾಗಿದ್ದರೆ ತಪ್ಪೇನಿಲ್ಲ. ಬದಲಾಗಿದೆ ಅಂತ ಹಲಗೆಯಲ್ಲಿ ಬರೆಯಿರಿ. ಹಳೇ ಎಂಜಿನ್ ನಂಬರ್ ಇದರ ಮೇಲೆ ಯಾಕೆ ಹೊಡೆದಿರಿ?”

ರಾವ್ ಗೋಣು ತಿರುಗಿಸಿ ಬೊಟ್ಟು ಮಾಡಿದ. “ಇವನನ್ನೇ ಕೇಳಿ. ಎಲ್ಲ ನನ್ನ ಮೆಕ್ಯಾನಿಕ್ ಕೆಲಸ. ನನಗೆ ಇದೆಲ್ಲ ಗೊತ್ತೇ ಇಲ್ಲ.”

ಸುತ್ತ ಜನ ಸೇರಿದ್ದರು. ಪೌಲ್‌ರಾಜನ ಮುಖ ಕಪ್ಪಿಟ್ಟಿತು. ಆಮೇಲೆ ಅವನು ಒಂದು ಹೆಜ್ಜೆ ಮುಂದೆ ಬಂದ.

“ಹೊಡೆದಿದ್ದು ನನ್ನ ಕೈಯೇ ಮೇಡಂ. ಇಲ್ಲ ಅನ್ನಲ್ಲ. ಚೀಟಿಯಲ್ಲಿ ನಂಬರ್ ಬರೆದುಕೊಟ್ಟಿದ್ದು ಇವರು. ಇದು ಯುವರಾಜರದಲ್ಲ, ಹೊಸಪೇಟೆ ಕಡೆ ಗಣಿ ಆಸ್ಪತ್ರೆ ಗಾಡಿದು. ಕೊಟ್ಟ ಹೆಣ್ಣುಮಗಳು ಅದನ್ನ ಬರೀರಿ ಅಂತ ಕೇಳ್ಕೊಂಡ್ರು. ನಾನು ಪಕ್ಕದಲ್ಲೇ ನಿಂತಿದ್ದೆ.”

ಅವನ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಉಳಿದವರ ಮೇಲೆ ಮಾತ್ರ ಏರಿತು. ಏಕೆಂದರೆ ಮುಂದೆ ಆದದ್ದು ಇಷ್ಟು: ವನಮಾಲಾ ತಮ್ಮ ಹಾಳೆಯಲ್ಲಿ ‘ನಂಬರು ಸುಳ್ಳು’ ಎಂದು ಬರೆದು ಸಹಿ ಹಾಕಿದರು. ಸಂಘಟಕರು ಓಡಿ ಬಂದು “ಗದ್ದಲ ಬೇಡ ಮೇಡಂ, ಹಿರಿಯರು, ದೊಡ್ಡ ದಾನಿಗಳು” ಎಂದರು. ಕಾರನ್ನು ಸ್ಪರ್ಧೆಯಿಂದ ಸದ್ದಿಲ್ಲದೆ ತೆಗೆದರು. ಯಾಕೆ ಎಂದು ಯಾವ ಹಲಗೆಯೂ ಹೇಳಲಿಲ್ಲ. ಸಂಜೆ ವೇದಿಕೆಯ ಮೇಲೆ ರಾವ್‌ಗೆ ಶಾಲು ಹೊದಿಸಿದರು! ವನಮಾಲಾ ಆ ವೇದಿಕೆ ಹತ್ತಲಿಲ್ಲ. ನಿಜ ಹೇಳಿದ ಪೌಲ್‌ರಾಜ್ ಅಂದೇ ಕೆಲಸ ಕಳೆದುಕೊಂಡು ಬಸ್ಸು ಹಿಡಿದ.

ಹಾಳು ಶನಿ ಎಂದು ರಾವ್ ನನ್ನನ್ನು ಕಿತ್ತು ಗುಜರಿಗೆ ಹಾಕಿಸಿದ. ಈಗ ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಒಂದು ಓಣಿಯಲ್ಲಿ, ತುಕ್ಕು ಹಿಡಿದ ಗೇರ್‌ಬಾಕ್ಸುಗಳ ನಡುವೆ ಬಿದ್ದಿದ್ದೇನೆ. ಗುಜರಿಯ ಮುನಿವೆಂಕಟಪ್ಪ ಕೆಟ್ಟವನಲ್ಲ. ಆದರೆ ಯಾರೋ ಹೇಳಿದ್ದನ್ನು ನಂಬಿಕೊಂಡು, ಬಂದವರಿಗೆಲ್ಲ ನನ್ನ ಹಣೆ ತೋರಿಸಿ “ರಾಜರ ಮನೆ ಎಂಜಿನ್ನು, ನಂಬರ್ ನೋಡಿ” ಎನ್ನುತ್ತಿದ್ದ. ಗುಜರಿಗೆ ಬಂದರೂ ಸುಳ್ಳು ಬಿಡಲಿಲ್ಲವಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಪೌಲ್‌ರಾಜ್ ಬಂದ. ಲಿಂಗರಾಜಪುರದಲ್ಲಿ ಸ್ವಂತ ಶೆಡ್ಡು ಹಾಕಿದ್ದಾನಂತೆ. ಯಾವುದೋ ಗೇರು ಹುಡುಕಿಕೊಂಡು ಬಂದಿದ್ದ. ನನ್ನನ್ನು ಕಂಡು ನಿಂತ. ಆ ವಾಲಿದ ಅಂಕಿಯನ್ನು ಬಹಳ ಹೊತ್ತು ನೋಡಿದ. ಚೀಲದಿಂದ ಉಳಿ, ಸುತ್ತಿಗೆ ತೆಗೆದ. ಸುಳ್ಳು ನಂಬರಿನ ಮೇಲೆ, ಆ ತುದಿಯಿಂದ ಈ ತುದಿಗೆ, ಒಂದು ಆಳವಾದ ಗೆರೆ ಕಡಿದ. ಈ ಸಲ ಮುಖ ತಿರುಗಿಸಲಿಲ್ಲ.

ಮುನಿವೆಂಕಟಪ್ಪ ಓಡಿ ಬಂದ. “ಏಯ್, ಏನ್ ಮಾಡ್ತಿದೀಯಪ್ಪಾ! ನಂಬರ್ ಹಾಳು ಮಾಡಿದ್ರೆ ಯಾರು ತಗೊಂತಾರೆ ಅದನ್ನ?”

“ನಾನು ಬರೆದಿದ್ದು ಅಣ್ಣ, ನಾನೇ ಹೊಡೆದುಹಾಕ್ತಿದೀನಿ,” ಎಂದ ಪೌಲ್‌ರಾಜ್.

ನನ್ನ ಹಳೆಯ ಹೆಸರು ಮರಳಿ ಬರಲಿಲ್ಲ. ಗ್ರೈಂಡರ್ ತಿಂದ ಕಬ್ಬಿಣ ಮತ್ತೆ ಮೊಳೆಯುವುದಿಲ್ಲ. ಶಾಲು ಹೊದ್ದವನ ಶಾಲನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನನ್ನ ಸಿಟ್ಟೂ ಆರಿಲ್ಲ, ಆರುವುದೂ ಬೇಡ. ಆದರೆ ಈಗ ನಾನು ಯಾರ ಸುಳ್ಳನ್ನೂ ಹೊತ್ತಿಲ್ಲ. ಇಂದೋ ನಾಳೆಯೋ ನನ್ನನ್ನು ಕುಲುಮೆಗೆ ಹಾಕಬಹುದು. ಹಾಕಲಿ. ಹೆಸರಿಲ್ಲದ ಕಬ್ಬಿಣವಾಗಿ ಕರಗುತ್ತೇನೆ, ರಾಜನಾಗಿ ಅಲ್ಲ.