ಕಂಕುಳ ಚೀಲ

"ಕೈ ಇನ್ನಷ್ಟು ಮ್ಯಾಲ ಎತ್ರಿ ಸಾವಕಾರ್ರ," ಎಂದು ನಬಿಸಾಬ ಚರ್ಮದ ಪಟ್ಟಿಯನ್ನು ಹೊಳಬಸಪ್ಪನ ಎಡ ಹೆಗಲ ಮೇಲಿಂದ ಎಳೆದು ಬೆನ್ನ ಹಿಂದೆ ಬಿಗಿದ.

ಇಳಕಲ್ಲಿನಲ್ಲಿ ಕುದುರೆಯ ಜೀನು ಹೊಲಿಯುವವನೆಂದರೆ ನಬಿಸಾಬನೇ. ಪಿಸ್ತೂಲಿನ ಚೀಲ ಹೊಲಿದದ್ದು ಮಾತ್ರ ಇದೇ ಮೊದಲು. ಬೆಳಗಾವಿಯ ದಂಡಿನ ಗೋರಾ ಸಾಹೇಬರು ಅದನ್ನು ನಡುವಿಗೆ ಕಟ್ಟಿ ಊರಿಗೆಲ್ಲ ತೋರಿಸಿಕೊಂಡು ತಿರುಗುತ್ತಾರೆ. ಹೊಳಬಸಪ್ಪನಿಗೆ ಹಾಗೆ ಬೇಡ. ಕಂಕುಳಲ್ಲಿ, ಕೋಟಿನ ಒಳಗೆ, ಯಾರಿಗೂ ಕಾಣದಂತೆ ಬೇಕು. ಮುಂಬಯಿಯಲ್ಲಿ ಅರಳೆ ವ್ಯಾಪಾರಿಯೊಬ್ಬ ಹಾಗೆ ಕಟ್ಟಿಕೊಂಡದ್ದನ್ನು ನೋಡಿ ಬಂದಿದ್ದ. ನಾಳೆ ಹುನಗುಂದದ ಕೋರ್ಟಿನಲ್ಲಿ ಬಾವಿಯ ಖಟ್ಲೆ. ಎದುರಾಳಿ ಸ್ವಂತ ಅಣ್ಣ ಅಮಾತೆಪ್ಪ. ದಾರಿಯಲ್ಲೇ ಕಡಿಯುತ್ತೇನೆಂದು ಅಣ್ಣ ಅಂದನಂತೆ. ಯಾರೋ ಪುಣ್ಯಾತ್ಮರು ಅದನ್ನು ತಂದು ತಮ್ಮನ ಕಿವಿಗೆ ಹಾಕಿದ್ದರು.

"ಈಗ ತಗೀರಿ, ನೋಡೂಣು."

ಹೊಳಬಸಪ್ಪ ಬಲಗೈ ಹಾಕಿದ. ಬೆರಳಿಗೆ ಸಿಕ್ಕದ್ದು ಪಿಸ್ತೂಲಲ್ಲ, ಎದೆಯ ಮೇಲಿನ ಲಿಂಗದ ವಸ್ತ್ರ. ಮತ್ತೊಮ್ಮೆ ಹಾಕಿದ, ಮತ್ತೆ ಅದೇ.

"ಅದನ್ನ ಬಲಕ್ಕ ಸರಸಿದ್ರ..." ನಬಿಸಾಬ ಅರ್ಧಕ್ಕೇ ನಿಲ್ಲಿಸಿದ. ಇದು ತಾನು ಆಡುವ ಮಾತಲ್ಲ ಎಂದು ಅವನಿಗೇ ಅನ್ನಿಸಿತು.

"ಸರಸ್ತೇನಿ ತಡಿ," ಎಂದ ಹೊಳಬಸಪ್ಪ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶಿವಲಿಂಗವ್ವ ಈಗ ಹತ್ತಿರ ಬಂದಳು.

"ಸರಸೂಕಿಂತ ಮೊದಲ ಒಂದು ಮಾತು ಹೇಳ್ರಿ. ಆ ಲಿಂಗ ಕಟ್ಟಿದ ದಿನ ನಿಮ್ಮನ್ನ ತೊಡಿ ಮ್ಯಾಲ ಕುಂದರಿಸಿಕೊಂಡವ್ರು ಯಾರು?"

ಅಪ್ಪ ಅಷ್ಟರಲ್ಲಿ ತೀರಿಹೋಗಿದ್ದ. ಸ್ವಾಮಿಗಳ ಗಡ್ಡ ನೋಡಿ ತಾನು ಅಂಜಿ ಅತ್ತದ್ದು, ಅಣ್ಣ ಕಣ್ಣೊರೆಸಿ ಬಾಯಿಗೆ ಬೆಲ್ಲ ಇಟ್ಟದ್ದು, ಹೊಳಬಸಪ್ಪನಿಗೆ ಎಲ್ಲ ನೆನಪಿತ್ತು. ಈ ಹಾಳು ಬಾವಿ ತೋಡುವ ತನಕ ಅಣ್ಣನಷ್ಟು ಪ್ರೀತಿಯ ಮನುಷ್ಯ ಅವನಿಗೆ ಇನ್ನೊಬ್ಬ ಇರಲಿಲ್ಲ.

"ಅಣ್ಣ," ಎಂದ.

"ಭಾವ ನಿಮ್ಮನ್ನ ಕಡೀತಾರಂತ ನೀವು ಖರೇನ ನಂಬೀರಿ?"

ನಬಿಸಾಬ ಯಾರೂ ಹೇಳದೆಯೇ ಬೆನ್ನ ಹಿಂದಿನ ಬಿಗಿತ ಬಿಚ್ಚಿ ಚೀಲ ಕಳಚಿದ. ಹೊಳಬಸಪ್ಪನ ಎಡಗೈ ಎತ್ತಿದಲ್ಲೇ ಇತ್ತು. ಶಿವಲಿಂಗವ್ವ ಅದನ್ನು ಹಿಡಿದು ಮೆಲ್ಲಗೆ ಇಳಿಸಿದಳು.

"ನಾಳೆ ಬುತ್ತಿ ಎಷ್ಟು ಮಂದಿಗೆ ಕಟ್ಟಲಿ?"

ಹೊಳಬಸಪ್ಪ ಎದೆಯ ಮೇಲಿನ ಲಿಂಗದ ವಸ್ತ್ರವನ್ನು ನೆಟ್ಟಗೆ ಮಾಡಿಕೊಂಡ.

"ಅಣ್ಣಗ ಗುರೆಳ್ಳ ಚಟ್ನಿ ಇರಬೇಕು ನೋಡು."

ಸ್ವಲ್ಪ ಹೊತ್ತಿಗೆ ಗುರೆಳ್ಳು ಹುರಿಯುವ ವಾಸನೆ ಪಡಸಾಲೆಗೆ ಬಂತು.